ಮನೆಯ ಚಿತ್ರ ಬರೆಯಲು ಯಾರ ಅಪ್ಪಣೆ?

ಮುಸ್ಲಿಂ ಮನೆಯೊಂದರ ಹುಡುಗಿಯೋ ಹುಡುಗನೋ ಕಲಾಶಾಲೆ ಸೇರಿ ಮೊದಲ ನಾಲ್ಕಾರು ಚಿತ್ರಗಳನ್ನು ಗೋಡೆಗೆ ತೂಗುಹಾಕಿದರೆ ಸಾಕು, ಬಣ್ಣ ಒಣಗುವ ಮುನ್ನವೇ ಮೂವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೊದಲನೆಯವರು ಗ್ಯಾಲರಿಯವರು. 'ನಿಮ್ಮ ಸಂಸ್ಕೃತಿ ಇದರಲ್ಲಿ ಎಲ್ಲಿದೆ?' ಎಂದು ಕೇಳುತ್ತಾರೆ. ಎರಡನೆಯವರು ನಮ್ಮದೇ ಮೊಹಲ್ಲಾದ ಹಿರಿಯರು. 'ಇದಕ್ಕೆಲ್ಲ ದೀನಿನಲ್ಲಿ ಅವಕಾಶವಿದೆಯೇ?' ಎಂಬುದು ಅವರ ಪ್ರಶ್ನೆ. ಮೂರನೆಯವರು ದೇಶಭಕ್ತಿಯನ್ನು ಗುತ್ತಿಗೆ ಹಿಡಿದವರು. 'ನಿನ್ನ ನಿಜವಾದ ಮನೆ ಯಾವುದು, ಇಲ್ಲಿಯದೋ ಅಲ್ಲಿಯದೋ?' ಎಂದು ಗದರುತ್ತಾರೆ. ಈ ಮೂವರಿಗೂ ಒಬ್ಬರನ್ನೊಬ್ಬರು ಕಂಡರಾಗದು. ಆದರೂ ಒಂದು ಕೆಲಸವನ್ನು ಮೂವರೂ ಒಮ್ಮತದಿಂದ ತಪ್ಪಿಸಿಕೊಳ್ಳುತ್ತಾರೆ. ಎದುರಿಗಿರುವ ಚಿತ್ರವನ್ನು ಅವರು ನೋಡುವುದಿಲ್ಲ.

ಈ ಮೂವರ ಜೊತೆಗೂ ನಮಗೆ ಜಗಳವಿದೆ. ಕಥೆ ಬರೆದುಕೊಂಡಿರುವ ನಮಗೆ ಬಣ್ಣ ಕುಂಚಗಳ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಇದೇ ಮೂವರು ಕನ್ನಡದ ಮುಸ್ಲಿಂ ಲೇಖಕರ ಬಾಗಿಲಿಗೂ ಬಂದವರು, ಅದಕ್ಕೆ. ಹೆಂಗಸರಿಗೆ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಬಾನು ಮುಷ್ತಾಕ್ ಅವರು ಬಹಿಷ್ಕಾರ ಎದುರಿಸಬೇಕಾಯಿತು. ಅವರೇ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ತಂದಾಗ ನಾಡು ಹೆಮ್ಮೆಪಟ್ಟಿತು. ನಾಲ್ಕು ತಿಂಗಳು ಕಳೆಯುವುದರೊಳಗೆ, ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದೇ ತಪ್ಪೆಂದು ಕೆಲವರು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ಬಿದ್ದುಹೋಯಿತು, ಅದು ಬೇರೆ ಮಾತು. ಒಂದು ಕಾಲಕ್ಕೆ ಒಳಗಿನವರು 'ನೀನು ಹೊರಗಿನವಳು' ಎಂದರು. ಇನ್ನೊಂದು ಕಾಲಕ್ಕೆ ಹೊರಗಿನವರು 'ಒಳಗೆ ಬರಬೇಡ' ಎಂದರು. ಎಪ್ಪತ್ತು ದಾಟಿದ ಹಿರಿಯ ಲೇಖಕಿಯ ಪಾಡೇ ಇದಾದರೆ, ಇಪ್ಪತ್ತರ ಹರೆಯದ, ಇನ್ನೂ ಹೆಸರು ಮಾಡದ ಕಲಾವಿದೆಯ ಪಾಡೇನು?

ಜಗಳಕ್ಕೆ ಮೊದಲು ಒಂದು ಚಿತ್ರದ ಬಗ್ಗೆ ಹೇಳಬೇಕು. ಚಿತ್ರವನ್ನೇ ನೋಡದೆ ವಾದ ಮಾಡುವವರ ಸಾಲಿಗೆ ನಾವೂ ಸೇರಬಾರದಷ್ಟೆ.

1989-90ರಲ್ಲಿ ಲಾಹೋರಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್‌ನಲ್ಲಿ ಶಾಜಿಯಾ ಸಿಕಂದರ್ ಎಂಬ ವಿದ್ಯಾರ್ಥಿನಿ ತನ್ನ ಪದವಿಗಾಗಿ ಒಂದು ಚಿತ್ರ ಬರೆದರು. ಆಗ ಅವರಿಗೆ ಇಪ್ಪತ್ತು, ಇಪ್ಪತ್ತೊಂದು ವಯಸ್ಸು. ಜನರಲ್ ಜಿಯಾ ಉಲ್ ಹಕ್ ಸತ್ತು ಎರಡು ವರ್ಷವೂ ಆಗಿರಲಿಲ್ಲ. ಧರ್ಮದ ಹೆಸರಿನಲ್ಲಿ ಹೆಂಗಸರ ಬದುಕಿಗೆ ಬಿಗಿದಿದ್ದ ಹಗ್ಗಗಳು ಇನ್ನೂ ಸಡಿಲವಾಗಿರಲಿಲ್ಲ. ಮಿನಿಯೇಚರ್ ಕಲೆಯನ್ನು ಆ ಕಾಲೇಜಿನಲ್ಲಿ ಉಸ್ತಾದ್ ಬಶೀರ್ ಅಹ್ಮದ್ ಕಲಿಸುತ್ತಿದ್ದರು. ಉಳಿದವರ ಕಣ್ಣಿಗೆ ಅದು ಸತ್ತುಹೋದ ವಿದ್ಯೆ. ಮೊಗಲರ ದರ್ಬಾರು, ಬೇಟೆ, ಪ್ರೇಮಿಗಳ ಜೋಡಿಯನ್ನು ನಕಲು ಮಾಡಿ ಪ್ರವಾಸಿಗರಿಗೆ ಮಾರುವ ಸರಕು. ಆಧುನಿಕರೆನಿಸಿಕೊಳ್ಳಬೇಕೆಂಬ ವಿದ್ಯಾರ್ಥಿಗಳು ಅತ್ತ ತಲೆಹಾಕುತ್ತಿರಲಿಲ್ಲ. ಶಾಜಿಯಾ ಅದನ್ನೇ ಆರಿಸಿಕೊಂಡರು. ಹಾಳೆಗೆ ಹಾಳೆ ಅಂಟಿಸಿ, ತಿಕ್ಕಿ ನುಣುಪು ಮಾಡಿ 'ವಸ್ಲಿ' ಎಂಬ ಕಾಗದ ತಯಾರಿಸುವುದು, ಅಳಿಲಿನ ಕೂದಲಿನ ಕುಂಚದಲ್ಲಿ ಉಸಿರು ಹಿಡಿದು ಗೆರೆ ಎಳೆಯುವುದು, ಚಹಾದ ಬಣ್ಣ ಬಳಿದು ಕಾಗದಕ್ಕೆ ಹಳೆಯ ಕಾವಿ ತರುವುದು, ಹೀಗೆ ಎಲ್ಲವನ್ನೂ ಕಲಿತರು.

ಇಷ್ಟೆಲ್ಲ ಕಲಿತು ಅವರು ಬರೆದದ್ದು ಬಾದಶಹನ ದರ್ಬಾರನ್ನಲ್ಲ, ತಮ್ಮ ಮನೆಯನ್ನು. 'ದಿ ಸ್ಕ್ರೋಲ್' ಎಂಬ ಆ ಚಿತ್ರ ಒಂದಡಿಗಿಂತ ತುಸು ಎತ್ತರ, ಐದಡಿಗಿಂತ ತುಸು ಉದ್ದ. ಗೋಡೆಗಳನ್ನು ಸೀಳಿ ತೆರೆದಿಟ್ಟಂತೆ ಒಂದರ ಪಕ್ಕ ಒಂದು ಕೋಣೆಗಳು. ಎಲ್ಲ ಕಡೆಯೂ ಮನೆಯ ಜನ, ಕೆಲಸದವರು, ನಿತ್ಯದ ಗೇಯ್ಮೆ. ಇವರೆಲ್ಲರ ನಡುವೆ ಬಿಳಿಬಟ್ಟೆಯ ಹುಡುಗಿಯೊಬ್ಬಳು ಕೋಣೆಯಿಂದ ಕೋಣೆಗೆ ಹಾದುಹೋಗುತ್ತಾಳೆ. ನೆರಳಿನಂತೆ, ಪಾರದರ್ಶಕ ಗಾಳಿಯಂತೆ. ಎಲ್ಲಿಯೂ ನಿಲ್ಲುವುದಿಲ್ಲ. ಅವಳ ಮುಖ ನಮಗೆ ಸರಿಯಾಗಿ ಕಾಣುವುದಿಲ್ಲ. ಕೊನೆಯಲ್ಲಿ ಮಾತ್ರ ಅವಳು ಒಂದೆಡೆ ನಿಂತಿದ್ದಾಳೆ. ಎದುರಿಗೆ ಚಿತ್ರದ ಹಲಗೆ ಇದೆ. ಅದರ ಮೇಲೆ ಬಿಳಿಬಟ್ಟೆಯ ಹೆಣ್ಣೊಬ್ಬಳನ್ನು ಅವಳೇ ಬರೆಯುತ್ತಿದ್ದಾಳೆ.

ಈ ಚಿತ್ರದಲ್ಲಿ ಶಾಜಿಯಾ ತನ್ನ ಸಂಸ್ಕೃತಿಯನ್ನು ಹಾಡಿ ಹೊಗಳಿಲ್ಲ, ತನ್ನ ಮನೆಯವರನ್ನು ಕಟಕಟೆಯಲ್ಲಿ ನಿಲ್ಲಿಸಿಯೂ ಇಲ್ಲ. ಮನೆಯೆಂದರೆ ಯಾರೋ ದುಡಿಯುವ, ಯಾರೋ ಕೂತು ತಿನ್ನುವ, ಯಾರೋ ಸದ್ದಿಲ್ಲದೆ ಸುಳಿದಾಡುವ ಜಾಗ ಎಂದು ತೋರಿಸಿದ್ದಾರೆ. ಹಾಗೆ ಸುಳಿದಾಡುವ ಹುಡುಗಿಯ ಕಣ್ಣಲ್ಲಿ ಎಲ್ಲವೂ ದಾಖಲಾಗುತ್ತಿದೆ ಎಂಬುದನ್ನೂ ತೋರಿಸಿದ್ದಾರೆ. ಬಾದಶಹರ ವೈಭವಕ್ಕೆ ಮೀಸಲಾಗಿದ್ದ ಕುಂಚ ಅಡುಗೆಮನೆಗೂ ಹಜಾರಕ್ಕೂ ಬಂದದ್ದು ಸಣ್ಣ ಸಂಗತಿಯೇ? ಸತ್ತಿತೆನ್ನಲಾಗಿದ್ದ ಕಲೆಗೆ ಆ ಕಾಲೇಜಿನಲ್ಲಿ ಹೊಸ ಪೀಳಿಗೆಯೊಂದು ಹುಟ್ಟಿಕೊಂಡಿತು. ಪರಂಪರೆಯನ್ನು ಉಳಿಸುತ್ತೇವೆಂದು ಭಾಷಣ ಮಾಡುವವರಿಂದ ಆಗದ ಕೆಲಸವನ್ನು, ತನ್ನ ಮನೆಯನ್ನು ತನ್ನ ಕಣ್ಣಿನಿಂದ ನೋಡಲು ಹೊರಟ ಹುಡುಗಿ ಮಾಡಿದರು.

ಈಗ ಬಾಗಿಲಲ್ಲಿ ನಿಂತಿರುವ ಮೊದಲನೆಯವರ ಕಡೆಗೆ ಬರೋಣ.

ಗ್ಯಾಲರಿಗಳು, ಪ್ರದರ್ಶನ ಏರ್ಪಡಿಸುವವರು, ಕಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಉದಾರ ಮನಸ್ಸಿನವರು. ಅವರಿಗೆ ನಮ್ಮ ಮೇಲೆ ದ್ವೇಷವಿಲ್ಲ, ಪ್ರೀತಿಯೇ ಇದೆ. ತೊಂದರೆ ಇರುವುದು ಆ ಪ್ರೀತಿಯ ಷರತ್ತಿನಲ್ಲಿ. 2001ರ ಸೆಪ್ಟೆಂಬರ್ ನಂತರ ಜಗತ್ತಿನ ಕಲಾ ಮಾರುಕಟ್ಟೆಗೆ 'ಮುಸ್ಲಿಂ ಕಲಾವಿದೆ' ಎಂಬ ಹೊಸ ಸರಕು ಸಿಕ್ಕಿತು. ಬುರ್ಖಾ, ಜಾಲಂಧ್ರ, ಮಿನಾರು, ನಸ್ತಲೀಖ್ ಅಕ್ಷರ, ಇವುಗಳಲ್ಲಿ ಎರಡಾದರೂ ಇದ್ದರೆ ಚಿತ್ರಕ್ಕೆ 'ಅಸ್ಮಿತೆ' ಬಂತು. ಇಲ್ಲದಿದ್ದರೆ 'ನಿಮ್ಮ ಅನುಭವ ಇದರಲ್ಲಿ ಕಾಣುತ್ತಿಲ್ಲವಲ್ಲ' ಎಂಬ ಕೊರಗು. ಮಲೆನಾಡಿನ ಅಡಿಕೆ ತೋಟದಿಂದ ಬಂದ ಹುಡುಗ ಕೆಂಪು ಚೌಕ ಬರೆದರೆ ಅದು ಕೆಂಪು ಚೌಕ. ಶಿವಾಜಿನಗರದ ಹುಡುಗಿ ಅದೇ ಕೆಂಪು ಚೌಕ ಬರೆದರೆ ಅದು ಗಲಭೆಯ ರಕ್ತವೋ, ಮದುವೆಯ ದುಪಟ್ಟಾವೋ ಎಂದು ಅರ್ಥ ಹುಡುಕುತ್ತಾರೆ. ಆಕೆಗೆ ಕೆಂಪು ಬಣ್ಣ ಸುಮ್ಮನೆ ಇಷ್ಟವಾಗುವ ಹಕ್ಕೂ ಇಲ್ಲವೇ?

ಇದು ನಮಗೆ ಹೊಸದಲ್ಲ. ಪತ್ರಿಕೆಯೊಂದರ ವಿಶೇಷಾಂಕಕ್ಕೆ ಕಥೆ ಕೇಳಿದವರು, ರೈಲ್ವೆ ಗುಮಾಸ್ತನೊಬ್ಬನ ನಿವೃತ್ತಿಯ ಬಗ್ಗೆ ನಾವು ಬರೆದು ಕಳಿಸಿದ್ದನ್ನು ಹಿಂದಕ್ಕೆ ಕಳಿಸಿ, 'ನಿಮ್ಮ ಸಮುದಾಯದ ಕಥೆ ಕೊಡಿ' ಎಂದು ಪತ್ರ ಬರೆದರು. ಆ ಗುಮಾಸ್ತನ ಹೆಸರು ಅಬ್ದುಲ್ ವಹಾಬ್ ಎಂದಿತ್ತು. ತಲಾಖಿಲ್ಲದ, ಬುರ್ಖಾ ಇಲ್ಲದ, ಹಬ್ಬದ ಬಿರಿಯಾನಿಯ ಘಮವಿಲ್ಲದ ಅಬ್ದುಲ್ ವಹಾಬ್ ಅವರಿಗೆ ಸಾಕಷ್ಟು ಮುಸ್ಲಿಮನಾಗಿ ಕಾಣಲಿಲ್ಲ. ನಮ್ಮವರು ಪಿಂಚಣಿಯ ಬಗ್ಗೆ ಚಿಂತಿಸುವುದಿಲ್ಲವೇ? ನಮ್ಮವರಿಗೆ ಮಂಡಿ ನೋವು ಬರುವುದಿಲ್ಲವೇ?

ಈ ಷರತ್ತಿಗೆ ಸರಿಯಾದ ಉತ್ತರ ಕೊಟ್ಟವರು ಜರೀನಾ. ಅಲಿಗಢದಲ್ಲಿ 1937ರಲ್ಲಿ ಹುಟ್ಟಿದವರು, ಅಲ್ಲಿಯ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದವರ ಮಗಳು, ಗಣಿತದಲ್ಲಿ ಪದವಿ ಪಡೆದವರು. ತಂದೆ ತಾಯಿ 1959ರಲ್ಲಿ ಕರಾಚಿಗೆ ಹೋದರು. ಜರೀನಾ ಬ್ಯಾಂಕಾಕ್, ಪ್ಯಾರಿಸ್, ದೆಹಲಿ, ಟೋಕಿಯೊ ಸುತ್ತಿ ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆ ನಿಂತರು. ಅವರ 'ಹೋಮ್ ಈಸ್ ಎ ಫಾರಿನ್ ಪ್ಲೇಸ್' 1999ರದು. ಮರದ ಅಚ್ಚಿನಿಂದ ತೆಗೆದ 36 ಚಿತ್ರಗಳು, ಒಂದೊಂದರ ಜೊತೆಗೂ ಒಂದು ಉರ್ದು ಪದ. ಮನೆ, ಹೊಸ್ತಿಲು, ಬಾಗಿಲು, ಅಂಗಳ, ಗೋಡೆ, ಸಂಜೆ, ಗಡಿ, ಭಾಷೆ ಎಂಬಂಥ ಪದಗಳು. ಚಿತ್ರವೆಂದರೆ ಕಪ್ಪು ಗೆರೆ, ಕಪ್ಪು ಚೌಕ, ಒಂದು ಕೋನ. ಅದರಲ್ಲಿ ಬುರ್ಖಾ ತೊಟ್ಟ ಹೆಣ್ಣಿಲ್ಲ, ಮಿನಾರಿಲ್ಲ, ಅಳುವ ಅಜ್ಜಿಯಿಲ್ಲ. ಬಾಲ್ಯದ ಮನೆಯ ನಕ್ಷೆ ಮಾತ್ರ ಇದೆ, ಗಣಿತ ಓದಿದವರ ಕೈ ಎಳೆದ ಹಾಗೆ.

ಗೆರೆಗೆ ಎದೆ ಕಲಕುವ ಶಕ್ತಿಯಿಲ್ಲ ಎನ್ನುವವರು ಅವರ 'ಲೆಟರ್ಸ್ ಫ್ರಮ್ ಹೋಮ್' ನೋಡಬೇಕು. 2004ರ ಸರಣಿ ಇದು. ಕರಾಚಿಯಲ್ಲಿದ್ದ ಅಕ್ಕ ರಾಣಿ ತಂಗಿಗೆಂದು ಉರ್ದುವಿನಲ್ಲಿ ಬರೆದೂ ಅಂಚೆಗೆ ಹಾಕದೆ ಇಟ್ಟುಕೊಂಡ ಪತ್ರಗಳಿದ್ದವು. ಜರೀನಾ ಆ ಕೈಬರಹವನ್ನೇ ಅಚ್ಚಿಗಿಳಿಸಿ, ಅದರ ಮೇಲೆ ಮನೆಗಳ ನಕ್ಷೆಯನ್ನೂ ಊರುಗಳ ಗೆರೆಯನ್ನೂ ಒತ್ತಿದರು. ಸಾವಿನ ಸುದ್ದಿ, ಮನೆ ಮಾರಿದ ಸುದ್ದಿ, ಬಿಟ್ಟುಹೋದವರ ನೆನಪು ಆ ಗೆರೆಗಳ ಅಡಿಯಲ್ಲಿ ಅರ್ಧ ಕಾಣುತ್ತವೆ, ಅರ್ಧ ಕಾಣುವುದಿಲ್ಲ. ವಿಭಜನೆಯ ಬಗ್ಗೆ ನಮ್ಮಲ್ಲಿ ಎಷ್ಟೋ ಕಾದಂಬರಿಗಳು ಬಂದಿವೆ. ಇಬ್ಬರು ಅಕ್ಕತಂಗಿಯರ ನಡುವೆ ಒಂದು ದೇಶ ಬಂದು ಕೂತರೆ ಏನಾಗುತ್ತದೆ ಎಂಬುದನ್ನು ಇಷ್ಟು ಕಡಿಮೆ ಸದ್ದಿನಲ್ಲಿ ಹೇಳಿದ ಕೃತಿಗಳು ವಿರಳ. 2011ರಲ್ಲಿ ವೆನಿಸ್‌ನ ಬಿನಾಲೆಯಲ್ಲಿ ಭಾರತ ಮೊದಲ ಬಾರಿಗೆ ತನ್ನದೇ ರಾಷ್ಟ್ರೀಯ ಮಂಟಪ ತೆರೆದಾಗ ಅದರಲ್ಲಿದ್ದ ಕಲಾವಿದರಲ್ಲಿ ಜರೀನಾ ಒಬ್ಬರು. 2020ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಗ್ಯಾಲರಿಯವರ 'ಮುಸ್ಲಿಂ ಮನೆ' ಎಂಬ ಒಂದೇ ಮನೆ ಎಲ್ಲಿದೆ ಎಂದೂ ಕೇಳಬೇಕಾಗಿದೆ. ನಮ್ಮ ಕರ್ನಾಟಕವನ್ನೇ ನೋಡಿ. ಕಲಬುರಗಿ, ಬೀದರ್, ವಿಜಯಪುರದ ಮನೆಗಳ ಮಾತು ದಖ್ಖನಿ. ಆ ಮನೆಯ ಮಗು ಶಾಲೆಯಲ್ಲಿ ಕಲಿಯುವ ಉರ್ದು ಬೇರೆ, ಬೀದಿಯಲ್ಲಿ ಆಡುವ ಕನ್ನಡ ಬೇರೆ. ಮಂಗಳೂರಿನ ಬ್ಯಾರಿ ಮನೆಗೆ ಉರ್ದುವೇ ಪರಭಾಷೆ. ಭಟ್ಕಳದ ನವಾಯತರ ನುಡಿಗೆ ಕೊಂಕಣಿಯ ನಂಟು. ಹತ್ತಿ ಹಿಂಜುತ್ತಿದ್ದ ಪಿಂಜಾರರ, ನದಾಫರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು. ಇವರೆಲ್ಲರ ಹೊಸ್ತಿಲು ಬೇರೆ, ಒಲೆ ಬೇರೆ, ಅಂಗಳದ ಗಿಡ ಬೇರೆ. ಪಿಂಜಾರರ ಮನೆಯ ಹುಡುಗಿ ಹತ್ತಿಯ ಎಳೆ, ಬಿಲ್ಲು, ಗಾದಿಯ ಹೊಲಿಗೆಯಿಂದ ಚಿತ್ರ ಕಟ್ಟಬಲ್ಲಳು. ಆಕೆಗೆ ಜಾಲಂಧ್ರ ಬರೆ ಎನ್ನುವುದು, ನಿನ್ನ ಮನೆಯನ್ನು ಬಿಟ್ಟು ನಾವು ಕಟ್ಟಿಕೊಟ್ಟ ಮನೆಗೆ ಬಾ ಎಂದಂತೆ. ಅದು ಅಸ್ಮಿತೆಯ ಗೌರವವಲ್ಲ, ಒಕ್ಕಲೆಬ್ಬಿಸುವ ಹುನ್ನಾರ.

ಎರಡನೆಯವರ ಜೊತೆಗಿನ ಜಗಳ ಹೆಚ್ಚು ನೋವಿನದು. ಅವರು ನಮ್ಮವರು.

ಚಿತ್ರ ಬರೆಯುವುದು ಹರಾಮು ಎನ್ನುವ ಹಿರಿಯರ ಮನೆಯಲ್ಲೇ ಈದಿನ ಹಿಂದಿನ ರಾತ್ರಿ ಹೆಣ್ಣುಮಕ್ಕಳು ಮದರಂಗಿ ಹಾಕುತ್ತಾರೆ. ಬಳ್ಳಿ, ಹೂ, ಎಲೆ, ಕೆಲವೊಮ್ಮೆ ನವಿಲು ಕೂಡ. ಒಂದು ಗೆರೆಯೂ ನಡುಗದೆ, ಅಳತೆ ತಪ್ಪದೆ, ಅಂಗೈಯಿಂದ ಮೊಳಕೈವರೆಗೆ ಬರೆಯಬಲ್ಲ ಹುಡುಗಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಆ ಕೈಗಳನ್ನು ಎಲ್ಲರೂ ಹೊಗಳುತ್ತಾರೆ. ಅದೇ ಹುಡುಗಿ ಅದೇ ಗೆರೆಯನ್ನು ಕಾಗದದ ಮೇಲೆ ಎಳೆದು, ಕೆಳಗೆ ತನ್ನ ಹೆಸರು ಬರೆದರೆ ಮನೆಯಲ್ಲಿ ಮಾತು ಏಳುತ್ತದೆ. ಮದರಂಗಿ ಹದಿನೈದು ದಿನಕ್ಕೆ ಅಳಿಸಿಹೋಗುತ್ತದೆ, ಕಾಗದ ಉಳಿಯುತ್ತದೆ. ಹೆಣ್ಣಿನ ಕಲೆಗೆ ಅಭ್ಯಂತರವಿಲ್ಲ, ಅದು ಉಳಿಯುವುದಕ್ಕೆ ಅಭ್ಯಂತರ ಎಂದು ತಿಳಿಯಬೇಕೇ?

ಶಾಸ್ತ್ರದ ಮಾತು ಬರುತ್ತದೆಂದು ಗೊತ್ತು. ಚಿತ್ರಗಾರರ ಬಗ್ಗೆ ಕಠಿಣ ಎಚ್ಚರಿಕೆ ಇರುವ ಹದೀಸುಗಳಿವೆ, ಇಲ್ಲವೆಂದು ನಾವು ಹೇಳುವುದಿಲ್ಲ. ಚಿತ್ರವಿದ್ದ ಪರದೆಯನ್ನು ತೆಗೆಸಿದಾಗ ಹಜ್ರತ್ ಆಯಿಷಾ ಅದನ್ನು ಕತ್ತರಿಸಿ ದಿಂಬು ಮಾಡಿಕೊಂಡದ್ದೂ, ಅವರು ಗೊಂಬೆಗಳ ಜೊತೆ ಆಡುತ್ತಿದ್ದದ್ದೂ ಅದೇ ಹದೀಸುಗಳಲ್ಲಿವೆ. ಆದ್ದರಿಂದಲೇ ನೆರಳು ಬೀಳುವ ಮೂರ್ತಿ ಬೇರೆ, ನೆರಳಿಲ್ಲದ ಚಿತ್ರ ಬೇರೆ, ಪೂಜೆಗಿಟ್ಟದ್ದು ಬೇರೆ, ಪೂಜೆಗಲ್ಲದ್ದು ಬೇರೆ ಎಂದು ಉಲೇಮಾಗಳು ಶತಮಾನಗಟ್ಟಲೆ ಚರ್ಚಿಸಿದರು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಅಬ್ದುಹು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಚಿತ್ರಕಲೆಯ ಪರವಾಗಿ ಬರೆದರು. ಮೌಲಾನಾ ಅಬುಲ್ ಕಲಾಂ ಆಜಾದರು 1912ರಲ್ಲಿ ಹೊರತಂದ 'ಅಲ್ ಹಿಲಾಲ್' ಪತ್ರಿಕೆ ಫೋಟೋಗಳ ಸಮೇತ ಅಚ್ಚಾಗುತ್ತಿತ್ತು. ಸ್ವತಂತ್ರ ಭಾರತದ ಶಿಕ್ಷಣ ಸಚಿವರಾಗಿ 1954ರಲ್ಲಿ ಲಲಿತಕಲಾ ಅಕಾಡೆಮಿಯನ್ನು ಉದ್ಘಾಟಿಸಿದವರೂ ಕುರ್‌ಆನಿಗೆ ವ್ಯಾಖ್ಯಾನ ಬರೆದ ಅದೇ ಮೌಲಾನಾ. ಇಂಥ ದೊಡ್ಡ ಚರ್ಚೆಯನ್ನು ಒಂದು ಪದದಲ್ಲಿ ಮುಗಿಸಿಬಿಡುವವರು ಇಂದು ತಮ್ಮ ಪ್ರವಚನವನ್ನು ಕ್ಯಾಮೆರಾ ಎದುರು ಕೂತು ನೀಡುತ್ತಾರೆ. ಮೊಬೈಲಿನಲ್ಲಿ ಅವರ ಮುಖ ನೋಡುತ್ತಲೇ ನಾವು ಚಿತ್ರ ಹರಾಮೆಂಬ ಉಪದೇಶ ಕೇಳುತ್ತೇವೆ.

ನಮ್ಮ ನೆಲದ ಇತಿಹಾಸವನ್ನಾದರೂ ಅವರು ಬಲ್ಲರೇ? ವಿಜಯಪುರದ ಅಸಾರ್ ಮಹಲಿನಲ್ಲಿ ಪ್ರವಾದಿಯವರ ಪವಿತ್ರ ಕೇಶವಿದೆ ಎಂಬ ನಂಬಿಕೆಯಿಂದ ಜನ ಇಂದಿಗೂ ಅದನ್ನು ಗೌರವಿಸುತ್ತಾರೆ. ಹದಿನೇಳನೆಯ ಶತಮಾನದ ಆ ಕಟ್ಟಡದ ಮೇಲಂತಸ್ತಿನ ಗೋಡೆಗಳ ಮೇಲೆ ಹೂಬಳ್ಳಿಗಳಷ್ಟೇ ಅಲ್ಲ, ಗಂಡು ಹೆಣ್ಣುಗಳ ಆಕೃತಿಗಳನ್ನೂ ಬರೆದಿದ್ದರು. ಈಗ ಬಹಳಷ್ಟು ಹಾಳಾಗಿವೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ಸ್ವತಃ ಕಲಾಭಿಮಾನಿ. ದಖ್ಖನಿಯಲ್ಲಿ 'ಕಿತಾಬೆ ನೌರಸ್' ಬರೆದು ಅದರಲ್ಲಿ ಸರಸ್ವತಿಯನ್ನು ನೆನೆದ ದೊರೆ, ಜನರ ಬಾಯಲ್ಲಿ ಜಗದ್ಗುರು. ಅವನ ಆಸ್ಥಾನದ ಚಿತ್ರಗಾರರು ಬರೆದ ಅವನ ಭಾವಚಿತ್ರಗಳು ಇಂದು ಪ್ರಾಗ್, ಲಂಡನ್‌ನಂಥ ನಗರಗಳ ಸಂಗ್ರಹಾಲಯಗಳಲ್ಲಿವೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಸೈನಿಕರು, ಕುದುರೆಗಳು, ಆನೆಗಳು ಇವೆ. ಟಿಪ್ಪುವಿನ ಹೆಸರು ಹೇಳಿ ಮೆರವಣಿಗೆ ಮಾಡುವವರು ಒಮ್ಮೆ ಆ ಗೋಡೆಯ ಮುಂದೆ ನಿಂತು, ಇದು ಯಾರ ಮನೆಯ ಚಿತ್ರ ಎಂದು ಕೇಳಿಕೊಳ್ಳಲಿ.

ಹಿರಿಯರ ಕೋಪಕ್ಕೆ ಶಾಸ್ತ್ರಕ್ಕಿಂತ ಅಂಜಿಕೆಯೇ ಹೆಚ್ಚು ಕಾರಣ ಎಂಬುದು ನಮ್ಮ ಅಭಿಪ್ರಾಯ. ಮಗಳು ಮನೆಯನ್ನು ಬರೆಯಲು ಕೂತರೆ ಏನು ಬರೆದಾಳು? ಊಟಕ್ಕೆ ಕೊನೆಯಲ್ಲಿ ಕೂರುವ ಅಮ್ಮಿಯನ್ನು ಬರೆಯಬಹುದು. ಗಂಡ ಬಿಟ್ಟ ಖಾಲಾ ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುವುದನ್ನು ಬರೆಯಬಹುದು. ಅಬ್ಬಾ ರಾತ್ರಿ ಲೆಕ್ಕ ಬರೆಯುತ್ತ ಕಣ್ಣೊರೆಸಿಕೊಂಡದ್ದನ್ನೂ ಬರೆಯಬಹುದು. ಬಿಳಿಬಟ್ಟೆಯ ಆ ಹುಡುಗಿ ಎಲ್ಲ ಕೋಣೆಗಳಲ್ಲೂ ಸುಳಿದಾಡುತ್ತಾಳೆ ಎಂಬುದೇ ಭಯ.

'ದಿನಬೆಳಗಾದರೆ ನಮ್ಮ ಮೇಲೆ ಹೊರಗಿನಿಂದ ಕಲ್ಲು ಬೀಳುತ್ತಿರುವಾಗ ಮನೆಯ ಮಾತನ್ನು ಬೀದಿಗೆ ತರುವುದು ಸರಿಯೇ?' ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಇದು ಹಗುರ ಪ್ರಶ್ನೆಯಲ್ಲ. 2022ರಲ್ಲಿ ನಮ್ಮ ಹೆಣ್ಣುಮಕ್ಕಳು ತಲೆವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಂತದ್ದನ್ನು ಕಂಡವರು ನಾವು. ಅಂದು ಗೇಟಿನ ಒಳಗಿದ್ದವರೂ ಹೊರಗಿದ್ದವರೂ ಆ ಮಕ್ಕಳ ಪರವಾಗಿ, ವಿರೋಧವಾಗಿ ಬೇಕಾದಷ್ಟು ಮಾತಾಡಿದರು. ಆ ಮಕ್ಕಳ ಮಾತಿಗೆ ಜಾಗ ಸಿಕ್ಕಿದ್ದು ಕಡಿಮೆ. ಹೊರಗಿನ ಕಲ್ಲಿಗೆ ಉತ್ತರ ಮನೆಯ ಕಿಟಕಿ ಮುಚ್ಚುವುದಲ್ಲ. ಕಿಟಕಿ ಮುಚ್ಚಿದ ಮನೆಯ ಬಗ್ಗೆ ಬೀದಿಯವರು ಮನಸ್ಸಿಗೆ ಬಂದದ್ದನ್ನು ಊಹಿಸುತ್ತಾರೆ, ಊಹಿಸಿದ್ದನ್ನೇ ಪತ್ರಿಕೆಯಲ್ಲಿ ಬರೆಯುತ್ತಾರೆ, ಸಿನಿಮಾ ಮಾಡುತ್ತಾರೆ. ನಮ್ಮ ಮನೆಯ ಬಗ್ಗೆ ಸುಳ್ಳು ಚಿತ್ರಗಳು ಇಷ್ಟೊಂದು ಓಡಾಡುತ್ತಿರುವಾಗ ನಿಜದ ಚಿತ್ರ ಬರೆಯಬಲ್ಲವರ ಕೈ ಹಿಡಿದೆಳೆಯುವುದು ಯಾವ ಜಾಣತನ?

ಮೂರನೆಯವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವರ ಕೆಲಸವೇ ಅವರ ಪರಿಚಯ. ಪಂಢರಪುರದಲ್ಲಿ 1915ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಬೆಳೆದ ಎಂ.ಎಫ್. ಹುಸೇನರ ಮೇಲೆ 1996ರಿಂದ ಮೊಕದ್ದಮೆಗಳು ಶುರುವಾದವು. ಎಪ್ಪತ್ತರ ದಶಕದ ರೇಖಾಚಿತ್ರಕ್ಕೆ ಇಪ್ಪತ್ತು ವರ್ಷಗಳ ನಂತರ ಭಾವನೆಗೆ ಧಕ್ಕೆಯಾಯಿತು! 1998ರಲ್ಲಿ ಮನೆಗೇ ನುಗ್ಗಿದರು. 2006ರಲ್ಲಿ ಅವರು ದೇಶ ಬಿಟ್ಟರು. 2008ರ ಮೇ 8ರಂದು ದೆಹಲಿ ಹೈಕೋರ್ಟು ಮೊಕದ್ದಮೆಗಳನ್ನು ರದ್ದುಪಡಿಸಿ, ತೊಂಬತ್ತರ ಚಿತ್ರಗಾರ ತನ್ನ ಮನೆಯಲ್ಲಿ ಕೂತು ಚಿತ್ರ ಬರೆಯುತ್ತಿರಬೇಕಾದವರು ಎಂಬರ್ಥದ ಮಾತು ಹೇಳಿತು. ನ್ಯಾಯಾಲಯಕ್ಕೆ ಕಂಡ ಮನೆ ಬೀದಿಯವರಿಗೆ ಕಾಣಲಿಲ್ಲ. ಹುಸೇನರು 2010ರಲ್ಲಿ ಕತಾರಿನ ಪೌರತ್ವ ಪಡೆದು, 2011ರ ಜೂನ್ 9ರಂದು ಲಂಡನ್ನಿನಲ್ಲಿ ಸತ್ತು, ಅಲ್ಲಿಯೇ ಮಣ್ಣಾದರು. 2025ರ ಜನವರಿಯಲ್ಲಿ ಅವರ ಎರಡು ಚಿತ್ರಗಳನ್ನು ವಶಪಡಿಸಿಕೊಳ್ಳಲು ದೆಹಲಿಯ ನ್ಯಾಯಾಲಯವೊಂದು ಆದೇಶಿಸಿತು. ಎರಡು ತಿಂಗಳ ನಂತರ ನ್ಯೂಯಾರ್ಕಿನ ಹರಾಜಿನಲ್ಲಿ ಅವರ 1954ರ 'ಗ್ರಾಮ ಯಾತ್ರಾ' ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಆಧುನಿಕ ಭಾರತೀಯ ಚಿತ್ರವೊಂದಕ್ಕೆ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಆ ಚಿತ್ರದ ತುಂಬ ಭಾರತದ ಹಳ್ಳಿಯೇ ಇದೆ. ಹಳ್ಳಿಯನ್ನು ಬರೆದವನಿಗೆ ಮಾತ್ರ ಆರಡಿ ಮೂರಡಿ ಜಾಗ ಇಲ್ಲಿ ಸಿಗಲಿಲ್ಲ.

ಇದೇ ಹುಸೇನರ 'ಮೀನಾಕ್ಷಿ' ಚಲನಚಿತ್ರದ ಖವ್ವಾಲಿಯೊಂದಕ್ಕೆ 2004ರಲ್ಲಿ ಮುಸ್ಲಿಂ ಸಂಘಟನೆಗಳು ತಕರಾರು ತೆಗೆದು, ಚಿತ್ರ ಥಿಯೇಟರುಗಳಿಂದ ವಾಪಸಾಯಿತು. ಹುಸೇನರಿಗಾಗಿ ಕಣ್ಣೀರಿಡುವ ನಮ್ಮವರು ಈ ಅಧ್ಯಾಯವನ್ನು ಮರೆಯಬಾರದು. ಇದು ಮುಸ್ಲಿಂ ಕಲಾವಿದರಿಗೆ ಮಾತ್ರ ಬಂದ ಪಾಡು ಎಂದುಕೊಳ್ಳುವುದೂ ಬೇಡ. 2007ರ ಮೇ ತಿಂಗಳಲ್ಲಿ ಬರೋಡಾದ ಲಲಿತಕಲಾ ವಿಭಾಗದಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಕೃತಿಗಳ ಮೇಲೆ ಗುಂಪು ನುಗ್ಗಿ, ಆಂಧ್ರದ ಹಿಂದೂ ವಿದ್ಯಾರ್ಥಿಯೊಬ್ಬನನ್ನು ಬಂಧಿಸಲಾಯಿತು, ಅವನ ಪರ ನಿಂತ ಡೀನ್ ಅಮಾನತಾದರು. ಪರೀಕ್ಷಕರು ಅಂಕ ಕೊಡುವ ಮೊದಲೇ ಬೀದಿಯವರು ಫಲಿತಾಂಶ ಹೇಳಿದರು. ಸಾಗರದಾಚೆಯೂ ಕಥೆ ಬೇರೆಯಲ್ಲ. ಲಾಹೋರಿನ ಆ ಹುಡುಗಿ ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿ, 2024ರಲ್ಲಿ ಅವರ 'ವಿಟ್ನೆಸ್' ಎಂಬ ಹದಿನೆಂಟು ಅಡಿಯ ಸ್ತ್ರೀ ಶಿಲ್ಪ ಹ್ಯೂಸ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ನಿಂತಿತು. ಗರ್ಭಪಾತ ವಿರೋಧಿ ಕ್ರೈಸ್ತ ಗುಂಪುಗಳು ಅದನ್ನು ಸೈತಾನನ ಮೂರ್ತಿಯೆಂದವು. ಜುಲೈ 8ರಂದು, ಊರಿಗೆ ಚಂಡಮಾರುತ ಬಡಿದಿದ್ದ ಹೊತ್ತಿನಲ್ಲಿ, ಯಾರೋ ಅದರ ತಲೆ ಕಡಿದರು. ಶಾಜಿಯಾ ಅದನ್ನು ರಿಪೇರಿ ಮಾಡಿಸಲು ಒಪ್ಪಲಿಲ್ಲ. ಕಡಿದದ್ದನ್ನು ಜನ ನೋಡಲಿ ಎಂದರು. ಲಾಹೋರಿನ ಮುಲ್ಲಾ, ಬರೋಡಾದ ಸಂಸ್ಕೃತಿ ರಕ್ಷಕ, ಟೆಕ್ಸಾಸಿನ ಭಕ್ತ ಮೂವರೂ ಒಂದೇ ಮದರಸಾದಲ್ಲಿ ಓದಿದವರಂತೆ ಕಾಣುತ್ತಾರೆ.

'ಹೊಟ್ಟೆಗಿಲ್ಲದ ಸಮುದಾಯಕ್ಕೆ ಚಿತ್ರಕಲೆ ಯಾಕೆ? ಸಾಚಾರ್ ವರದಿ ಓದಿಲ್ಲವೇ?' ಎಂದು ಕೇಳುವ ಹಿತೈಷಿಗಳೂ ಇದ್ದಾರೆ. ಓದಿದ್ದೇವೆ. 2006ರ ಆ ವರದಿ ಶಾಲೆ, ಸಾಲ, ನೌಕರಿ ಎಲ್ಲದರಲ್ಲೂ ನಮ್ಮ ಪಾಲು ಎಷ್ಟು ಕಡಿಮೆ ಎಂದು ತೋರಿಸಿತು. ಚಿತ್ರ ಬರೆಯಬೇಡಿ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಮೊದಲು ಅನ್ನ, ಆಮೇಲೆ ಬಣ್ಣ ಎನ್ನುವವರು ಒಂದು ಕಾಲಕ್ಕೆ ಮೊದಲು ಗಂಡುಮಕ್ಕಳು ಓದಲಿ, ಆಮೇಲೆ ಹೆಣ್ಣುಮಕ್ಕಳು ಎಂದವರೇ. ಆ 'ಆಮೇಲೆ' ತಾನಾಗಿ ಬರಲಿಲ್ಲ, ಹೆಣ್ಣುಮಕ್ಕಳು ಜಗಳವಾಡಿ ತಂದರು. ಬೀದರಿನ ಬಿದರಿ ಕುಶಲಕರ್ಮಿಗಳಿಗೆ ಅನ್ನ ಕೊಟ್ಟದ್ದು ಕಪ್ಪು ಲೋಹದ ಮೇಲೆ ಬೆಳ್ಳಿಯ ಗೆರೆ ಕೂರಿಸುವ ಕೈಚಳಕವೇ ಅಲ್ಲವೇ? ಅನ್ನಕ್ಕೂ ಗೆರೆಗೂ ವೈರವಿದೆ ಎಂದು ಆ ಕುಶಲಕರ್ಮಿಗಳಿಗೆ ಯಾರೂ ಹೇಳಿಕೊಡಲಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ನಮ್ಮ ಉರ್ದು ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಇರಲಿ. ಆಜಾದರ ಹೆಸರಿಟ್ಟ ಮಾದರಿ ಶಾಲೆಗಳು ರಾಜ್ಯದಲ್ಲಿವೆ, ಲಲಿತಕಲಾ ಅಕಾಡೆಮಿಯನ್ನು ಉದ್ಘಾಟಿಸಿದವರ ಹೆಸರಿನ ಶಾಲೆಯಲ್ಲಿ ಬಣ್ಣದ ಪೆಟ್ಟಿಗೆ ಇಲ್ಲದಿರುವುದು ಆ ಹೆಸರಿಗೆ ಮಾಡುವ ಅವಮಾನ. ವರ್ಷವಿಡೀ ಮದುವೆಗೆ ಬಾಡಿಗೆ ಕೊಡುವ ಶಾದಿಮಹಲುಗಳ ಗೋಡೆಗಳು ವರ್ಷಕ್ಕೆ ಒಂದು ವಾರ ನಮ್ಮ ಮಕ್ಕಳ ಚಿತ್ರಗಳಿಗೆ ಸಿಗಲಿ. ವೈದ್ಯಕೀಯ, ಇಂಜಿನಿಯರಿಂಗ್ ಸೀಟಿಗೆ ವಿದ್ಯಾರ್ಥಿವೇತನ ಕೊಡುವ ನಮ್ಮ ದಾನಿಗಳು ಮೈಸೂರು, ಬೆಂಗಳೂರು, ಕಲಬುರಗಿಯ ಕಲಾಶಾಲೆಗಳಲ್ಲಿ ಓದುವ ನಾಲ್ಕು ಹುಡುಗಿಯರಿಗೂ ಕೊಡಲಿ. ಕಲಾವಿಮರ್ಶಕರು ಕಲಾವಿದೆಯ ಹೆಸರು ಓದುವ ಮೊದಲು ಅವಳ ಗೆರೆಯನ್ನು ಓದಲಿ. ಗೆರೆ ದುರ್ಬಲವಾಗಿದ್ದರೆ ದುರ್ಬಲವೆಂದು ಬರೆಯಲಿ. ಅಯ್ಯೋ ಪಾಪ ಎಂದು ಹೊಗಳುವುದಕ್ಕಿಂತ ಆ ಟೀಕೆಯಲ್ಲಿ ಹೆಚ್ಚು ಗೌರವವಿದೆ.

ತಂದೆ ತಾಯಂದಿರಿಗೆ ನಮ್ಮದು ಒಂದೇ ಮಾತು. ಮಗಳ ಚಿತ್ರದ ಪುಸ್ತಕವನ್ನು ಮದುವೆಯಾಗಿ ಹೋದ ಮೇಲೆ ರದ್ದಿಗೆ ಹಾಕಬೇಡಿ. ಅದರಲ್ಲಿ ನಿಮ್ಮ ಮನೆಯೂ ಇರಬಹುದು. ನೀವು ಎಂದೂ ಇಳಿದು ನೋಡದ ಅಡುಗೆಮನೆಯ ಮೆಟ್ಟಿಲು, ಮಾರಿಹೋದ ಹಳೆಯ ಮನೆಯ ಅಂಗಳ, ನಿಮ್ಮ ಮುಖವೂ ಇರಬಹುದು. ಇಷ್ಟವಾಗದಿದ್ದರೆ ಅವಳ ಜೊತೆ ವಾದ ಮಾಡಿ, ಬೈಯಿರಿ, ಬೇಕಾದರೆ ನಾಲ್ಕು ದಿನ ಮಾತು ಬಿಡಿ. ಕುಂಚವನ್ನು ಮಾತ್ರ ಕಸಿಯಬೇಡಿ. ಬಾಗಿಲಲ್ಲಿ ನಿಂತಿರುವ ಆ ಮೂವರಿಗೆ ಹೇಳುವುದೂ ಇಷ್ಟೆ: ಮನೆ ಅವಳದು, ದಾರಿ ಬಿಡಿ.